ಕಾಗದದ ಟ್ಯಾಂಕು

1916ನೆಯ ಇಸವಿ ಸೆಪ್ಟೆಂಬರ್ 15ರ ಮುಂಜಾನೆ, ಫ್ರಾನ್ಸ್ ದೇಶದ ಸೋಮ್ ರಣಾಂಗಣದಲ್ಲಿ ಬ್ರಿಟಿಷ್ ಸೈನ್ಯವು ಜಗತ್ತು ಅದುವರೆಗೆ ಕಂಡಿರದ ವಾಹನವೊಂದನ್ನು ಯುದ್ಧಕ್ಕಿಳಿಸಿತು. ಗುಟ್ಟು ಬಯಲಾಗದಿರಲೆಂದು, ನಿರ್ಮಾಣದ ಕಾಲದಲ್ಲಿ ಅದನ್ನು ನೀರಿನ ತೊಟ್ಟಿಯೆಂದು ಹೇಳಿಕೊಂಡಿದ್ದರು. ‘ಟ್ಯಾಂಕ್’ ಎಂಬ ಆ ಹುಸಿ ಹೆಸರೇ ಮುಂದೆ ಸ್ಥಿರವಾಯಿತು. ಮಾರ್ಕ್ 1 ಎಂಬ ಆ ಮೊದಲ ಬಗೆಯ ಟ್ಯಾಂಕುಗಳಲ್ಲಿ ಇಂದು ಉಳಿದಿರುವುದು ಒಂದೇ ಒಂದು. ಅದು ಇಂಗ್ಲೆಂಡಿನ ಬೋವಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿಗೆ ಹೋಗಲಾರದವರೂ ಅದರ ರಚನೆಯನ್ನು ಕೈಯಾರೆ ಅರಿಯಬಹುದು. ಅದಕ್ಕೆ ರಟ್ಟು, ಕತ್ತರಿ, ಅಂಟು ಮತ್ತು ಬೇಕಾದಷ್ಟು ತಾಳ್ಮೆ ಇದ್ದರೆ ಸಾಕು.

ಹಳೆಯ ಯುದ್ಧವಾಹನಗಳ ಮಾದರಿಗಳನ್ನು ಕಾಗದದಲ್ಲಿ ರಚಿಸುವ ಹವ್ಯಾಸವು ಪೋಲೆಂಡಿನಲ್ಲಿ ಚೆನ್ನಾಗಿ ಬೇರೂರಿದೆ. 1957ರಲ್ಲಿ ಅಲ್ಲಿ ಆರಂಭವಾದ ‘ಮಾವಿ ಮೊಡೆಲಾಷ್’ ಪತ್ರಿಕೆಯು ಹಡಗು, ವಿಮಾನ, ಟ್ಯಾಂಕುಗಳ ಬಿಡಿಭಾಗಗಳನ್ನೇ ಪುಟಗಳಲ್ಲಿ ಅಚ್ಚು ಮಾಡಿತು. ‘ಪುಟ್ಟ ಮಾದರಿಕಾರ’ ಎಂಬುದು ಆ ಹೆಸರಿನ ಅರ್ಥ. ಓದುಗನು ಪತ್ರಿಕೆಯನ್ನು ಕತ್ತರಿಸಿದ ಹೊರತು ಅದನ್ನು ಓದಿದಂತಾಗುತ್ತಿರಲಿಲ್ಲ!

ಅಲ್ಲಿಯ ಕಾಗದದ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಬಳಸುವ ಪ್ರಮಾಣ 1:25. ಬಾಲದ ಗಾಲಿಗಳನ್ನು ಬಿಟ್ಟರೆ ಮಾರ್ಕ್ 1ರ ಉದ್ದ ಸುಮಾರು 8 ಮೀಟರು. ಮಾದರಿಯಲ್ಲಿ ಅದು 32 ಸೆಂಟಿಮೀಟರು. ಅದರ ಉಕ್ಕಿನ ಕವಚವು ದಪ್ಪವಾಗಿದ್ದ ಕಡೆ 12 ಮಿಲಿಮೀಟರು. ಮಾದರಿಯಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಕಡಮೆ, ಎಂದರೆ ತೆಳುವಾದ ರಟ್ಟಿನಷ್ಟು. ಮೂಲ ವಾಹನವನ್ನು ಕಟ್ಟಿದ್ದೂ ಚಪ್ಪಟೆಯಾದ ಉಕ್ಕಿನ ಹಲಗೆಗಳನ್ನು ಚೌಕಟ್ಟಿಗೆ ರಿವೆಟ್ ಹೊಡೆದು ಜೋಡಿಸಿಯೇ. ಆದುದರಿಂದ ಅದು ಕಾಗದಕ್ಕೆ ಸುಲಭವಾಗಿ ಒಗ್ಗುತ್ತದೆ. ಮುಂದೆ ಬಂದ ಸೋವಿಯತ್ ಟಿ-54ರಂಥ ಟ್ಯಾಂಕುಗಳು ಹಾಗಲ್ಲ. ಅವುಗಳ ಗೋಪುರ ಎರಕ ಹೊಯ್ದ ಗುಮ್ಮಟದಂತಿದೆ. ಕಾಗದವು ಒಂದು ದಿಕ್ಕಿಗೆ ಬಾಗೀತು. ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗದು. ಅಂಥ ಗೋಪುರವನ್ನು ಕಿತ್ತಳೆಯ ತೊಳೆಗಳಂತೆ ಸೀಳುಗಳಾಗಿ ಕತ್ತರಿಸಿ ಕೂಡಿಸಬೇಕಾಗುತ್ತದೆ.

ಕೆಲಸದ ಕ್ರಮ ಹೀಗೆ: ಮೊದಲು ದಪ್ಪ ರಟ್ಟಿನಿಂದ ಒಳಗಿನ ಅಸ್ಥಿಪಂಜರವನ್ನು ನಿಲ್ಲಿಸಿ, ಅದರ ಮೇಲೆ ಹೊರಮೈಯ ಹಾಳೆಗಳನ್ನು ಅಂಟಿಸುತ್ತಾರೆ. ಮಡಿಸುವ ಮುನ್ನ ಗೆರೆಯ ಮೇಲೆ ಮೊಂಡು ಚಾಕುವಿನಿಂದ ಹಗುರವಾಗಿ ಗೀರಬೇಕು. ಇಲ್ಲವಾದರೆ ಅಂಚು ಸುಕ್ಕುಗಟ್ಟುತ್ತದೆ. ಹಾಳೆಯ ಹಿಂಬದಿಯಿಂದ ಮೊಂಡು ಸೂಜಿಯನ್ನು ಒತ್ತಿದರೆ ಮುಂಬದಿಯಲ್ಲಿ ರಿವೆಟಿನ ಗುಬುಟು ಏಳುತ್ತದೆ. ಕತ್ತರಿಸಿದ ಅಂಚಿನ ಬಿಳುಪು ಕಾಣದಂತೆ ಬಣ್ಣ ಹಚ್ಚುವುದನ್ನು ಮರೆತರೆ, ಎಷ್ಟೇ ಕುಶಲದ ಕೆಲಸವಾದರೂ ಅದು ಕಾಗದವೆಂದು ಕೂಗಿ ಹೇಳುತ್ತದೆ.

ಅನೇಕರು ಒಳಭಾಗವನ್ನು ಬರಿದಾಗಿಯೇ ಬಿಡುತ್ತಾರೆ. ಬಿಡಬಾರದ ಭಾಗವೇ ಅದು. ಈ ಪ್ರಮಾಣದಲ್ಲಿ ಒಬ್ಬ ಸೈನಿಕನ ಎತ್ತರ ಸುಮಾರು 7 ಸೆಂಟಿಮೀಟರು. ವಾಹನದ ಎತ್ತರ 10 ಸೆಂಟಿಮೀಟರನ್ನೂ ಮುಟ್ಟದು. ನಡುವೆ 105 ಅಶ್ವಶಕ್ತಿಯ ಡೈಮ್ಲರ್ ಎಂಜಿನನ್ನು ಇರಿಸಿ, ಸುತ್ತಲೂ ಎಂಟು ಜನರನ್ನು ಕೂಡಿಸಲು ಹೊರಟಾಗ ಇಕ್ಕಟ್ಟು ಬೆರಳಿಗೇ ತಿಳಿಯುತ್ತದೆ. ಎಂಜಿನಿಗೂ ಜನರಿಗೂ ನಡುವೆ ಗೋಡೆಯಿರಲಿಲ್ಲ. ಹೊಗೆ ತುಂಬಿದ ಆ ಕೋಣೆಯ ಬಿಸಿ ಸುಮಾರು 50 ಡಿಗ್ರಿಗೆ ಏರುತ್ತಿತ್ತು. ವಾಹನವನ್ನು ತಿರುಗಿಸಲು ನಾಲ್ವರು ಒಟ್ಟಿಗೆ ದುಡಿಯಬೇಕಾಗುತ್ತಿತ್ತು. ಗದ್ದಲದಲ್ಲಿ ಮಾತು ಕೇಳಿಸದೆ ಅವರು ಕೈಸನ್ನೆಗಳಿಂದಲೇ ವ್ಯವಹರಿಸುತ್ತಿದ್ದರು.