ಸರ್ವರ್ ಬರೆದಿಟ್ಟ ದಿನಚರಿ: ಡಿಸ್ಕ್ ಕೆಡುವ ಮುನ್ನ ಲಾಗ್ ಏನು ಹೇಳುತ್ತದೆ?



ಪ್ರಾಯೋಗಿಕ ಪರೀಕ್ಷೆಗೆ ಎರಡು ವಾರ ಬಾಕಿ ಇದ್ದಾಗ ನಮ್ಮ ಕಂಪ್ಯೂಟರ್ ಲ್ಯಾಬ್‌ನಲ್ಲಿ ನಡೆದ ಘಟನೆ ಇದು. ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಫೈಲ್ ಸೇವ್ ಆಗ್ತಾ ಇಲ್ಲ. ರೀಡ್ ಓನ್ಲಿ ಅಂತ ಬರ್ತಾ ಇದೆ" ಎಂದಳು. ಅವಳ ಖಾತೆಯ ಅನುಮತಿಯಲ್ಲೇ ಏನೋ ತಪ್ಪಾಗಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದಲೂ ಅದೇ ದೂರು ಬಂತು. ಮೂಲೆಯಲ್ಲಿದ್ದ ಸರ್ವರನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಎಲ್ಲವೂ ಸರಿಹೋಯಿತು. ನಾನೂ ಪಾಠ ಮುಂದುವರಿಸಿದೆ.

ಎರಡು ದಿನ ಕಳೆದು ಮತ್ತೆ ಅದೇ ತೊಂದರೆ. ಈ ಸಲ ರೀಸ್ಟಾರ್ಟ್ ಮಾಡುವ ಮೊದಲು ಸರ್ವರ್‌ನ ಲಾಗ್ ತೆರೆದು ನೋಡಿದೆ. ಡಿಸ್ಕ್ ಕೆಡುತ್ತಿದೆ ಎಂಬ ಮೊದಲ ಎಚ್ಚರಿಕೆ ಅಲ್ಲಿ ಹನ್ನೊಂದು ದಿನಗಳ ಹಿಂದೆಯೇ ದಾಖಲಾಗಿತ್ತು. ಅದನ್ನು ಓದಬೇಕಾಗಿದ್ದವನು ನಾನು; ಓದಿರಲಿಲ್ಲ. ಆ ತಪ್ಪಿನಿಂದ ಕಲಿತದ್ದನ್ನು ನಿಮಗೆ ಪಾಠವಾಗಿ ಹೇಳುತ್ತಿದ್ದೇನೆ.

ಲಾಗ್ ಎಂದರೇನು?

ಸರ್ವರ್ ತನ್ನಲ್ಲಿ ನಡೆಯುವ ಸಂಗತಿಗಳನ್ನು ಸಮಯದೊಂದಿಗೆ ಬರೆದಿಡುವ ದಿನಚರಿಯೇ ಲಾಗ್. ಲಿನಕ್ಸ್‌ನಲ್ಲಿ ಇದು 'ವಾರ್' ಡೈರೆಕ್ಟರಿಯೊಳಗಿನ 'ಲಾಗ್' ಫೋಲ್ಡರ್‌ನಲ್ಲಿರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಈ ಫೈಲಿನ ಹೆಸರು 'ಸಿಸ್‌ಲಾಗ್'. ರೆಡ್ ಹ್ಯಾಟ್ ಬಳಗದಲ್ಲಿ 'ಮೆಸೇಜಸ್'. ಪ್ರತಿ ಸಾಲಿನಲ್ಲೂ ಸಮಯ, ಯಂತ್ರದ ಹೆಸರು, ಹೇಳುತ್ತಿರುವವರು ಯಾರು, ವಿಷಯವೇನು ಎಂಬ ನಾಲ್ಕು ಭಾಗಗಳನ್ನು ಗುರುತಿಸಿಕೊಳ್ಳಿ. ಸಂದೇಶಗಳಿಗೆ 0ಯಿಂದ 7ರವರೆಗೆ ಎಂಟು ಮಟ್ಟಗಳಿವೆ. ಸಂಖ್ಯೆ ಚಿಕ್ಕದಾದಷ್ಟೂ ವಿಷಯ ಗಂಭೀರ.

ಕರ್ನಲ್‌ನ ಮಾತುಗಳನ್ನು 'ಡಿಮೆಸೇಜ್' ಎಂಬ ಆಜ್ಞೆಯಿಂದಲೂ ನೋಡಬಹುದು. ಆದರೆ ಅದು ಮೆಮೊರಿಯಲ್ಲಿರುವ ಪ್ರತಿ. ರೀಸ್ಟಾರ್ಟ್ ಮಾಡಿದರೆ ಅಳಿಸಿಹೋಗುತ್ತದೆ. ನನ್ನ ಮೊದಲ ದಿನದ ಆತುರ ಆ ಪ್ರತಿಯನ್ನು ಅಳಿಸಿತ್ತು. ನಮ್ಮ ಸರ್ವರ್‌ನಲ್ಲಿ ಎರಡು ಡಿಸ್ಕ್‌ಗಳಿದ್ದವು. ಮೊದಲನೆಯದರಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಲಾಗ್, ಎರಡನೆಯದರಲ್ಲಿ ನಿಮ್ಮ ಫೈಲುಗಳು. ಕೆಟ್ಟದ್ದು ಎರಡನೆಯದು. ಹಾಗಾಗಿ ಲಾಗ್ ಉಳಿದಿತ್ತು. ಲಾಗ್ ಇರುವ ಡಿಸ್ಕೇ ರೀಡ್ ಓನ್ಲಿ ಆಗಿದ್ದರೆ ಹೊಸ ಸಾಲು ಬರೆಯಲೂ ಆಗುತ್ತಿರಲಿಲ್ಲ.

ಕೊನೆಯ ಸಾಲಿನಿಂದ ಮೇಲಕ್ಕೆ ಹೋಗಿ

ಲಾಗ್‌ನಲ್ಲಿ ಕೊನೆಗೆ ಕಾಣುವುದು ಪರಿಣಾಮ. ಕಾರಣ ಅದಕ್ಕಿಂತ ಮೇಲಿರುತ್ತದೆ. ನಮ್ಮ ಲಾಗ್‌ನ ಕೊನೆಯಲ್ಲಿ 'ರೀಮೌಂಟಿಂಗ್ ಫೈಲ್‌ಸಿಸ್ಟಮ್ ರೀಡ್-ಓನ್ಲಿ' ಎಂದಿತ್ತು. ಅದರ ಮೇಲೆ 'ಇಎಕ್ಸ್‌ಟಿ4-ಎಫ್‌ಎಸ್ ಎರರ್'. ಅದಕ್ಕೂ ಮೇಲೆ 'ಐ/ಒ ಎರರ್, ಡೆವ್ ಎಸ್‌ಡಿಬಿ, ಸೆಕ್ಟರ್' ಎಂದು ಬರೆದು ಒಂದು ದೊಡ್ಡ ಸಂಖ್ಯೆ. ಎಲ್ಲಕ್ಕಿಂತ ಮೇಲೆ 'ಎರರ್: ಯುಎನ್‌ಸಿ'. ಜ್ವರ ಬಂದವನಿಗೆ ತಲೆನೋವಿನ ಮಾತ್ರೆ ಮಾತ್ರ ಕೊಟ್ಟಂತೆ, ನಾನು ಕೊನೆಯ ಸಾಲಿಗೆ ಮಾತ್ರ ಮದ್ದು ಮಾಡಿದ್ದೆ.

ಸಂದೇಶಗಳನ್ನು ನಾಲ್ಕು ಗುಂಪುಗಳಾಗಿ ನೆನಪಿಡಿ.

1. ಜಾಗ ಮುಗಿದಿದೆ. 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎಂದಿದ್ದರೆ ಡಿಸ್ಕ್ ಕೆಟ್ಟಿಲ್ಲ, ತುಂಬಿದೆ. 'ಡಿಎಫ್' ಆಜ್ಞೆ ಉಳಿದ ಜಾಗವನ್ನು ತೋರಿಸುತ್ತದೆ. ಜಾಗವಿದ್ದೂ ಇದೇ ಸಂದೇಶ ಬರುತ್ತಿದ್ದರೆ ಐನೋಡ್‌ಗಳು ಮುಗಿದಿರಬಹುದು. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು. ಲಕ್ಷಗಟ್ಟಲೆ ಚಿಕ್ಕ ಫೈಲುಗಳಿದ್ದರೆ ಜಾಗ ಉಳಿದಿದ್ದರೂ ಐನೋಡ್ ಖಾಲಿಯಾಗುತ್ತದೆ.

2. ದಾರಿಯಲ್ಲಿ ದೋಷ. 'ಐಸಿಆರ್‌ಸಿ', 'ಹಾರ್ಡ್ ರೀಸೆಟ್ಟಿಂಗ್ ಲಿಂಕ್' ಮುಂತಾದ ಮಾತುಗಳು ಪದೇಪದೇ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು. ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಸಾಗುವ ದತ್ತಾಂಶದೊಂದಿಗೆ ತಾಳೆ ನೋಡಲು ಸಿಆರ್‌ಸಿ ಎಂಬ ಸಂಖ್ಯೆಯೂ ಸಾಗುತ್ತದೆ. ತಾಳೆಯಾಗದಿದ್ದರೆ ದಾರಿಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಸಡಿಲವಾದ ಕೇಬಲ್ಲಿಗಾಗಿ ಒಳ್ಳೆಯ ಡಿಸ್ಕನ್ನು ಎಸೆಯಬಾರದು.

3. ಡಿಸ್ಕಿನಲ್ಲೇ ದೋಷ. 'ಯುಎನ್‌ಸಿ', 'ಮೀಡಿಯಂ ಎರರ್', 'ಅನ್‌ರಿಕವರ್ಡ್ ರೀಡ್ ಎರರ್' ಎಂದರೆ ಡಿಸ್ಕ್ ಆ ಜಾಗವನ್ನು ಮತ್ತೆ ಮತ್ತೆ ಓದಲು ಪ್ರಯತ್ನಿಸಿ, ತಿದ್ದುವ ಸಂಕೇತವನ್ನೂ ಬಳಸಿ, ಕೊನೆಗೆ ಕೈಚೆಲ್ಲಿದೆ ಎಂದರ್ಥ. ಒಂದೇ ಸೆಕ್ಟರ್ ಸಂಖ್ಯೆ ಮರಳಿ ಮರಳಿ ಬರುತ್ತಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

4. ಫೈಲ್ ಸಿಸ್ಟಮ್‌ನ ಆತ್ಮರಕ್ಷಣೆ. 'ರೀಡ್-ಓನ್ಲಿ' ಆಗುವುದು ರೋಗವಲ್ಲ. ಇನ್ನಷ್ಟು ಬರೆದರೆ ಹಾನಿ ಹೆಚ್ಚಾದೀತೆಂದು ವ್ಯವಸ್ಥೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಇದಕ್ಕೆ ಮೇಲಿನ ಎರಡನೆಯ ಅಥವಾ ಮೂರನೆಯ ಕಾರಣವಿರಬಹುದು, ಹಠಾತ್ತನೆ ಕರೆಂಟ್ ಹೋದದ್ದೂ ಇರಬಹುದು.

ಸ್ವಲ್ಪ ಲೆಕ್ಕ

ಲಾಗ್‌ನಲ್ಲಿ ಬರುವ ಸೆಕ್ಟರ್ ಸಂಖ್ಯೆಯನ್ನು 512ರಿಂದ ಗುಣಿಸಿದರೆ ದೋಷವಿರುವ ಜಾಗ ಡಿಸ್ಕ್‌ನ ಆರಂಭದಿಂದ ಎಷ್ಟು ಬೈಟ್ ದೂರದಲ್ಲಿದೆ ಎಂಬುದು ಸಿಗುತ್ತದೆ. ಉದಾಹರಣೆಗೆ, ಸೆಕ್ಟರ್ 3,90,62,500 ಎಂದಿದ್ದರೆ, ಅದನ್ನು 512ರಿಂದ ಗುಣಿಸಿ: 2,000 ಕೋಟಿ ಬೈಟ್, ಅಂದರೆ 20 ಜಿಬಿ. ಆ ಜಾಗ ಯಾವ ಪಾರ್ಟಿಷನ್‌ನಲ್ಲಿ ಬರುತ್ತದೆಂದು ಆಮೇಲೆ ನೋಡಬಹುದು.

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನೂ ಇಟ್ಟುಕೊಂಡಿರುತ್ತದೆ. ಅದರ ಹೆಸರು ಸ್ಮಾರ್ಟ್. ಸಾಟಾ ಹಾರ್ಡ್ ಡಿಸ್ಕ್‌ಗಳಲ್ಲಿ ನಾಲ್ಕು ಅಂಶಗಳನ್ನು ಮೊದಲು ನೋಡಿ. 5ನೆಯದು ಬದಲಿ ಜಾಗಕ್ಕೆ ಸ್ಥಳಾಂತರವಾದ ಸೆಕ್ಟರ್‌ಗಳು. 197ನೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವವು. 198ನೆಯದು ಡಿಸ್ಕಿನ ಸ್ವಂತ ತಪಾಸಣೆಯಲ್ಲೂ ಓದಲಾಗದವು. 199ನೆಯದು ಸಿಆರ್‌ಸಿ ತಪ್ಪುಗಳು. ಈ ಕೊನೆಯ ಎಣಿಕೆ ಕೇಬಲ್ ಬದಲಿಸಿದರೂ ಕಡಿಮೆಯಾಗುವುದಿಲ್ಲ. ಏರುವುದು ನಿಂತರೆ ರಿಪೇರಿ ಫಲಿಸಿತೆಂದು ತಿಳಿಯಿರಿ.

'ಸ್ಮಾರ್ಟ್‌ಡಿ' ಎಂಬ ಪ್ರೋಗ್ರಾಂ ಈ ಅಂಕಿಗಳನ್ನು ಸಾಮಾನ್ಯವಾಗಿ ಅರ್ಧ ಗಂಟೆಗೊಮ್ಮೆ ನೋಡಿ ಲಾಗ್‌ನಲ್ಲಿ ಬರೆಯುತ್ತದೆ. ಹನ್ನೊಂದು ದಿನಗಳ ಹಿಂದಿನ ಆ ಸಾಲು ಇದರದ್ದೇ: ಓದಲಾಗದ ಸೆಕ್ಟರ್‌ಗಳು 8. ಎಂಟೇ ಏಕೆ? ಇಂದಿನ ಅನೇಕ ಡಿಸ್ಕ್‌ಗಳಲ್ಲಿ ನಿಜವಾದ ಸೆಕ್ಟರ್‌ನ ಅಳತೆ 4096 ಬೈಟ್. ಹೊರಗೆ ಮಾತ್ರ ಅದು 512 ಬೈಟ್‌ನ ತುಂಡುಗಳಾಗಿ ತೋರಿಸಿಕೊಳ್ಳುತ್ತದೆ. 4096ನ್ನು 512ರಿಂದ ಭಾಗಿಸಿದರೆ 8. ಅಂದರೆ ಮೊದಲ ದಿನ ಹೋದದ್ದು ಒಂದೇ ಜಾಗ. ನಾನು ನೋಡುವ ಹೊತ್ತಿಗೆ ಅಂಕಿ 24 ಆಗಿತ್ತು, ಅಂದರೆ ಮೂರು ಜಾಗಗಳು. ಅಂಕಿ ಎಷ್ಟಿದೆ ಎಂಬುದರ ಜೊತೆಗೆ ಏರುತ್ತಿದೆಯೇ ಎಂಬುದನ್ನೂ ಗಮನಿಸಬೇಕು.

ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಪಾಸಣೆಯಲ್ಲಿ ಮೊದಲ ದೋಷ ಕಂಡ ನಂತರದ 60 ದಿನಗಳಲ್ಲಿ ಆ ಡಿಸ್ಕ್ ಕೆಡುವ ಸಾಧ್ಯತೆ ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಮರೆಯಬೇಡಿ: ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 36ಕ್ಕಿಂತ ಹೆಚ್ಚಿನವು ತಾಪಮಾನ ಬಿಟ್ಟು ಸ್ಮಾರ್ಟ್‌ನ ಯಾವ ಅಂಶದಲ್ಲೂ ಮುನ್ಸೂಚನೆ ಕೊಟ್ಟಿರಲಿಲ್ಲ. ಎಚ್ಚರಿಕೆ ಬಂದರೆ ನಂಬಿ, ಬಂದಿಲ್ಲವೆಂದು ನಿಶ್ಚಿಂತರಾಗಬೇಡಿ.

ಏನು ಮಾಡಬೇಕು?

ಮೊದಲು ಲಾಗ್‌ನ ಪ್ರತಿಯನ್ನು ಬೇರೆಡೆ ತೆಗೆದಿಡಿ. ಆಮೇಲೆ ಆ ಡಿಸ್ಕಿಗೆ ಬರೆಯುವುದನ್ನು ನಿಲ್ಲಿಸಿ, ಮುಖ್ಯ ಫೈಲುಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ನಕಲು ಮುಗಿಯುವ ಮೊದಲು 'ಎಫ್‌ಎಸ್‌ಸಿಕೆ' ಓಡಿಸಬೇಡಿ. ಅದು ರಿಪೇರಿಗಾಗಿ ಡಿಸ್ಕಿಗೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದು ಅಪಾಯ. ಸಾಮಾನ್ಯ ನಕಲು ನಡುವೆ ನಿಂತುಹೋದರೆ 'ಡಿಡಿರೆಸ್ಕ್ಯೂ' ಎಂಬ ಪ್ರೋಗ್ರಾಂ ಇದೆ. ಅದು ಸುಲಭವಾಗಿ ಓದಬಹುದಾದ ಭಾಗವನ್ನು ಮೊದಲು ತೆಗೆದು, ಕಷ್ಟದ ಭಾಗಕ್ಕೆ ಕೊನೆಯಲ್ಲಿ ಕೈಹಾಕುತ್ತದೆ.

ಆ ದಿನ ಸಂಜೆಯವರೆಗೆ ಕುಳಿತು ನಕಲು ಮಾಡಿದೆ. ಮೂರು ಫೈಲುಗಳನ್ನು ಬಿಟ್ಟು ಎಲ್ಲವೂ ಸಿಕ್ಕವು. ಆ ಮೂರರಲ್ಲಿ ಒಂದು, ಮೊದಲು ದೂರು ಹೇಳಿದ ವಿದ್ಯಾರ್ಥಿನಿಯ ಪ್ರಾಜೆಕ್ಟ್ ವರದಿ. ತಿದ್ದಿಕೊಡಲೆಂದು ಅವಳು ನನಗೆ ಕೊಟ್ಟಿದ್ದ ಮುದ್ರಿತ ಕರಡು ನನ್ನ ಮೇಜಿನ ಡ್ರಾಯರ್‌ನಲ್ಲಿತ್ತು. ಅದನ್ನು ನೋಡಿ ಮೂರು ದಿನ ಕುಳಿತು ಮತ್ತೆ ಟೈಪ್ ಮಾಡಿದಳು. ನನಗೆ ಏನೂ ಅನ್ನಲಿಲ್ಲ. ಕೊನೆಯ ಪುಟ ಮುಗಿಸಿದ ಮೇಲೆ ಮಾತ್ರ, "ಸರ್, ಲಾಗ್ ಓದೋದು ನಮಗೂ ಕಲಿಸಿ" ಎಂದಳು.

ಅಂದಿನಿಂದ ಲ್ಯಾಬ್‌ನಲ್ಲಿ ಒಂದು ರಿಜಿಸ್ಟರ್ ಇದೆ. ಪ್ರತಿ ಶನಿವಾರ ಇಬ್ಬರು ವಿದ್ಯಾರ್ಥಿಗಳು ಲಾಗ್ ಓದಿ, 5, 197, 198, 199ರ ಅಂಕಿಗಳನ್ನು ಬರೆದು ಸಹಿ ಮಾಡುತ್ತಾರೆ. ನಿಮ್ಮ ಫೈಲುಗಳ ಎರಡನೆಯ ಪ್ರತಿ ಈಗ ಬೇರೆ ಕೊಠಡಿಯ ಕಂಪ್ಯೂಟರ್‌ನಲ್ಲೂ ಇರುತ್ತದೆ.

ನೀವೇ ಉತ್ತರಿಸಿ

1. 'ನೋ ಸ್ಪೇಸ್ ಲೆಫ್ಟ್' ಎಂದು ಬರುತ್ತಿದೆ, ಆದರೆ 40 ಜಿಬಿ ಖಾಲಿ ಇದೆ. ಮುಂದೇನು ನೋಡುತ್ತೀರಿ?

2. 199ನೆಯ ಅಂಶ ಏರುತ್ತಿದೆ. 5, 197, 198 ಸೊನ್ನೆ. ಮೊದಲು ಏನನ್ನು ಬದಲಿಸುತ್ತೀರಿ?

3. 197ನೆಯ ಅಂಶ ಕಳೆದ ವಾರ 8, ಈ ವಾರ 16. ಇವತ್ತೇ ಮಾಡಬೇಕಾದ ಕೆಲಸ ಯಾವುದು?

ಉತ್ತರ: 1. ಐನೋಡ್‌ಗಳ ಲೆಕ್ಕ. 2. ಕೇಬಲ್. 3. ಫೈಲುಗಳ ನಕಲು. ಮೂರನೆಯ ಉತ್ತರವನ್ನು ನಾಳೆಗೆ ಮುಂದೂಡಬೇಡಿ. ಮುಂದೂಡಿದವನ ಅನುಭವವನ್ನು ಈಗಷ್ಟೇ ಓದಿದ್ದೀರಿ.