ಸುಮ್ಮನೆ ನಿಂತವನ ಕೆಲಸ



ತಾರಮಂಗಲದವರಾದ ನಮಗೆ ಹತ್ತಿರದ ರೈಲು ಜಂಕ್ಷನ್ ಓಮಲೂರು. ಸೇಲಂನಿಂದ ಬರುವ ಹಳಿ ಅಲ್ಲಿ ಕವಲೊಡೆದು, ಒಂದು ಮೆಟ್ಟೂರು ಅಣೆಕಟ್ಟಿನ ಕಡೆಗೂ ಇನ್ನೊಂದು ಧರ್ಮಪುರಿಯ ಮೂಲಕ ಬೆಂಗಳೂರಿನ ಕಡೆಗೂ ಹೋಗುತ್ತದೆ. ಆ ಹಳಿಗಳಲ್ಲಿ ದುರಸ್ತಿ ನಡೆಯುವಾಗ ಹತ್ತು ಜನ ಬೆವರು ಸುರಿಸಿ ದುಡಿಯುತ್ತಿದ್ದರೆ, ಒಬ್ಬನು ಮಾತ್ರ ಬಾವುಟ ಹಿಡಿದು ಸುಮ್ಮನೆ ನಿಂತಿರುತ್ತಾನೆ. 'ಇವನಿಗೆ ಕೊಡುವ ಸಂಬಳ ದಂಡ' ಎಂದು ನಗುವವರುಂಟು. ಆದರೆ ಆ ಹತ್ತು ಜನರ ಪ್ರಾಣ ಇರುವುದು ಅವನ ಕಣ್ಣಿನಲ್ಲಿ.

ಹಳಿಯ ಮೇಲೆ ಓಡುವುದು ಪ್ರಯಾಣಿಕರ ಗಾಡಿಗಳು ಮಾತ್ರವಲ್ಲ. ಸ್ಲೀಪರುಗಳ ಕೆಳಗೆ ಜಲ್ಲಿಯನ್ನು ಬಿಗಿಯಾಗಿ ತುಂಬುವ ಟ್ಯಾಂಪಿಂಗ್ ಯಂತ್ರ, 25,000 ವೋಲ್ಟಿನ ಮೇಲ್ತಂತಿಯನ್ನು ಸರಿಪಡಿಸುವ ಟವರ್ ವ್ಯಾಗನ್, ಸಾಮಾನು ಸಾಗಿಸುವ ಟ್ರಾಲಿ, ಇವೆಲ್ಲ ದುರಸ್ತಿಯ ವಾಹನಗಳು. ಇವು ಕೆಲಸಗಾರರ ಜೊತೆಗಾರರು. ಆದುದರಿಂದಲೇ ಇವುಗಳ ಬಗ್ಗೆ ಭಯ ಕಡಿಮೆ. ಅಪಾಯ ಹುಟ್ಟುವುದು ಅಲ್ಲಿಯೇ.

2023ರ ಫೆಬ್ರವರಿ 13ರ ಮುಂಜಾನೆ, ಮಹಾರಾಷ್ಟ್ರದ ಲಾಸಲಗಾಂವ್ ಬಳಿ ಹಳಿಯ ಮೇಲೆ ದುಡಿಯುತ್ತಿದ್ದ ನಾಲ್ವರು ಕಾರ್ಮಿಕರು ಇಂತಹ ಒಂದು ಟವರ್ ವ್ಯಾಗನ್ನಿಗೆ ಸಿಕ್ಕಿ ಮೃತರಾದರು. ಇಂಗ್ಲೆಂಡಿನ ಟೀಬೇ ಎಂಬಲ್ಲಿ, 2004ರ ಫೆಬ್ರವರಿ 15ರಂದು, ಕಂಬಿಗಳನ್ನು ಹೇರಿದ್ದ ಟ್ರೇಲರ್ ಒಂದು ಇಳಿಜಾರಿನಲ್ಲಿ ತಾನಾಗಿ ಉರುಳಿ, ಕತ್ತಲೆಯಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರನ್ನು ಬಲಿ ತೆಗೆದುಕೊಂಡಿತು. ಅದರ ಬ್ರೇಕು ಕೆಲಸ ಮಾಡುತ್ತಿರಲಿಲ್ಲ. ಎಂಜಿನ್ನಿಲ್ಲದ್ದರಿಂದ ಸದ್ದೂ ಇರಲಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಘರ್ಷಣೆ ಬಲು ಕಡಿಮೆ. ಕಣ್ಣಿಗೆ ಕಾಣದಷ್ಟು ಇಳಿಜಾರಿದ್ದರೂ ಅದು ಉರುಳತೊಡಗುತ್ತದೆ. ಹಾಗಿದ್ದರೆ ನಮ್ಮ ತೊಪ್ಪೂರು ಕಣಿವೆಯ ಏರಿಳಿತವನ್ನು ನೆನೆದುಕೊಳ್ಳಿರಿ!

'ಗಾಡಿ ಬಂದರೆ ಕಿವಿಗೆ ಕೇಳದೇ?' ಎಂದು ನೀವು ಕೇಳಬಹುದು. ಮಗ್ಗಗಳು ಆಡುತ್ತಿರುವ ಮನೆಯಲ್ಲಿ ಬಾಗಿಲಲ್ಲಿ ನಿಂತು ಕೂಗಿದರೆ ಒಳಗಿನವರಿಗೆ ಕೇಳಿಸುತ್ತದೆಯೇ? ಹಾಗೆಯೇ, ಪಕ್ಕದ ಯಂತ್ರದ ಆರ್ಭಟದಲ್ಲಿ ಬರುವ ವಾಹನದ ಸದ್ದು ಮುಳುಗಿಹೋಗುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಗಂಟೆಗೆ 90 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. 100 ಮೀಟರ್ ದೂರದಲ್ಲಿ ಅದನ್ನು ಕಂಡವನಿಗೆ ಉಳಿಯುವುದು ನಾಲ್ಕೇ ಸೆಕೆಂಡು. ಬಗ್ಗಿದವನು ಎದ್ದು, ಸಲಾಕೆ ಬಿಟ್ಟು, ಹಳಿ ದಾಟಲು ಅಷ್ಟು ಸಾಕೇ? ಆದುದರಿಂದಲೇ ಬ್ರಾಡ್‌ಗೇಜ್ ಹಳಿಯಲ್ಲಿ ಅಡಚಣೆಯಿದ್ದಾಗ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಮೂರು ಎಚ್ಚರಿಕೆಯ ಪಟಾಕಿಗಳನ್ನು ಹಳಿಗೆ ಕಟ್ಟಬೇಕೆಂಬ ನಿಯಮವಿದೆ. 1200 ಮೀಟರ್ ಎಂದರೆ ಅದೇ ಗಾಡಿಗೆ 48 ಸೆಕೆಂಡು.

ಇದರಿಂದ ಕಲಿಯಬೇಕಾದ ನೀತಿಗಳು ಇವು:

1. ಕಾವಲು ನಿಂತವನಿಗೆ ಬೇರೆ ಯಾವ ಕೆಲಸವನ್ನೂ ಹೇಳಬಾರದು, 'ಒಂದು ಕೈ ಕೊಡು' ಎಂದೂ ಕರೆಯಬಾರದು.

2. ಗಾಡಿಗಳ ಸಂಚಾರ ನಿಂತಿದೆ ಎಂದಮಾತ್ರಕ್ಕೆ ಹಳಿ ಖಾಲಿಯೆಂದು ತಿಳಿಯಬಾರದು. ದುರಸ್ತಿಯ ವಾಹನ ಎರಡು ಕಡೆಯಿಂದಲೂ ಬರಬಹುದು.

3. ನಿಲ್ಲಿಸಿದ ವಾಹನದ ಬ್ರೇಕನ್ನು ಪರೀಕ್ಷಿಸಿ, ಗಾಲಿಗೆ ಅಡ್ಡಗಟ್ಟೆ ಕೊಡಬೇಕು.

4. ಸೀಟಿ ಕೇಳಿದೊಡನೆ ಎಲ್ಲಿ ಸರಿದು ನಿಲ್ಲಬೇಕೆಂಬುದನ್ನು ಕೆಲಸಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಇದು ದೂರದವರ ಕಥೆಯಲ್ಲ. 2024ರ ನವೆಂಬರ್ 2ರಂದು ಕೇರಳದ ಶೊರನೂರಿನ ಬಳಿ, ಭಾರತಪ್ಪುಳ ನದಿಯ ರೈಲು ಸೇತುವೆಯ ಮೇಲೆ ಕಸ ತೆಗೆಯುತ್ತಿದ್ದ ನಾಲ್ವರು ಕೇರಳ ಎಕ್ಸ್‌ಪ್ರೆಸ್ ಗಾಡಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರೆಲ್ಲ ನಮ್ಮ ಸೇಲಂ ಜಿಲ್ಲೆಯವರು, ಗುತ್ತಿಗೆಯ ಕೂಲಿಗಳು. ಬರುವ ಗಾಡಿ ಇವನು ಕಾಯಂ, ಇವನು ಗುತ್ತಿಗೆ ಎಂದು ನೋಡುವುದಿಲ್ಲ. ಕಾವಲೂ ಹಾಗೆ ನೋಡಬಾರದು.

ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಕೆಲಸಗಾರರಾಗುವಿರಿ, ಕೆಲವರು ಕೆಲಸ ಹೇಳುವವರಾಗುವಿರಿ. ಆಗ ಖರ್ಚು ಉಳಿಸಲೆಂದು ಯಾರಾದರೂ ಸುಮ್ಮನೆ ನಿಂತವನನ್ನು ತೆಗೆದುಹಾಕ ಹೊರಟರೆ, ಅವನು ಮಾಡುತ್ತಿರುವ ಕೆಲಸವೇನೆಂದು ಅವರಿಗೆ ತಿಳಿಸಿರಿ.