ಮಗ್ಗದ ಮನೆಗೆ ಬಂದ ಅತಿಥಿ

ರೊಟ್ಟಿ ಬಡಿಯುವುದು, ಮುಸುರೆ ತಿಕ್ಕುವುದು, ಮಕ್ಕಳನ್ನು ಶಾಲೆಗೆ ಕಳಿಸುವುದು, ನೆರೆಮನೆಯ ಗೆಳತಿಯೊಂದಿಗೆ ನಾಲ್ಕು ಮಾತು, ಮಧ್ಯಾಹ್ನದ ಬಸ್ಸಿಗೆ ಬಂದಿಳಿಯುವ ನಾದಿನಿಯ ಸಂಸಾರ. ಇಂತಹ ಒಂದು ದಿನಕ್ಕೂ ದೀನಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಮಾಝ್, ಉಪವಾಸಗಳ ಸಣ್ಣಪುಟ್ಟ ವಿಧಿಗಳನ್ನೂ ವಿಚಾರಿಸಿ ತಿಳಿದುಕೊಳ್ಳುವ ನಾವು, ನೆಂಟರ ಮನೆಯಲ್ಲಿ ಎಷ್ಟು ದಿನ ಉಳಿಯಬಹುದೆಂದು ಯಾರನ್ನೂ ವಿಚಾರಿಸುವುದಿಲ್ಲ. ಪ್ರವಾದಿವರ್ಯರು(ಸ) ಮಾತ್ರ ಅದನ್ನೂ ಕಲಿಸಿದ್ದಾರೆ, ದಿನಗಳ ಲೆಕ್ಕ ಸಮೇತ.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಒಂದು ನೇಕಾರ ಮನೆಯನ್ನೇ ತೆಗೆದುಕೊಳ್ಳಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾಗಿದ್ದರೂ ಸೆರಗು ರೇಷ್ಮೆಯದು. ಇವೆರಡರ ಎಳೆಗಳನ್ನು ಕೊಂಡಿಯಂತೆ ಒಂದರೊಳಗೊಂದು ಸಿಕ್ಕಿಸಬೇಕು. ಇದನ್ನೇ ತೋಪು ತೆನಿ ಎನ್ನುತ್ತಾರೆ. ಆದ್ದರಿಂದ ಒಂದೇ ಉದ್ದ ಹಾಸಿನಲ್ಲಿ ಸೀರೆಯ ಮೇಲೆ ಸೀರೆ ನೇಯುತ್ತಾ ಹೋಗುವಂತಿಲ್ಲ. ಪ್ರತಿ ಸೀರೆಗೂ ಎಳೆ ಕೂಡಿಸುವ ಕೆಲಸ ಮೊದಲಿನಿಂದ ಆಗಬೇಕು. ಗುಂಡಿಮಗ್ಗದಲ್ಲಿ ಕಾಲಿಳಿಸಿ ಕುಳಿತವನು ಒಬ್ಬನೇ ಕಾಣುತ್ತಾನೆ. ನೂಲು ಬಿಡಿಸಿ ಲಾಳಿಗೆ ಕಂಡಿಕೆ ಸುತ್ತಿಕೊಡುವ ಕೈ ಹೆಚ್ಚಾಗಿ ಅವನ ಪತ್ನಿಯದು ಅಥವಾ ತಾಯಿಯದು. ಕೂಲಿ ಸಿಗುವುದು ಮುಗಿದ ಸೀರೆಗೆ, ಕುಳಿತ ಹೊತ್ತಿಗಲ್ಲ.

ಈ ಮನೆಗೆ ನೆಂಟರು ಬಂದರು. ಕಂಡಿಕೆ ಸುತ್ತುವ ಕೈ ಒಲೆಯ ಮುಂದೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಮಗ್ಗವೂ ನಿಂತಿತು. ಬಂದವರಿಗೆ ಇದು ಕಾಣುವುದಿಲ್ಲ, ಯಾಕೆಂದರೆ ಮನೆಯೊಡತಿ ನಗುತ್ತಲೇ ಇರುತ್ತಾಳೆ. ಆ ನಗು ಸುಳ್ಳೂ ಅಲ್ಲ. ಅತಿಥಿಯನ್ನು ಗೌರವಿಸುವುದು ಅಲ್ಲಾಹನಲ್ಲಿ ಮತ್ತು ಅಂತ್ಯದಿನದಲ್ಲಿ ವಿಶ್ವಾಸವಿಟ್ಟವರ ಲಕ್ಷಣವೆಂಬ ಪ್ರವಾದಿವಚನವನ್ನು ಅವಳು ಬಲ್ಲಳು.

ಆದರೆ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅದೇ ಬೋಧನೆಗೆ ಇನ್ನೊಂದು ಭಾಗವೂ ಇದೆ. ವಿಶೇಷ ಸತ್ಕಾರ ಒಂದು ಹಗಲು ಒಂದು ರಾತ್ರಿ, ಆತಿಥ್ಯ ಮೂರು ದಿನ, ಅದರ ಮೇಲಿನದು ದಾನ. ಆತಿಥೇಯನನ್ನು ಕಷ್ಟಕ್ಕೆ ದೂಡುವಷ್ಟು ಕಾಲ ಉಳಿಯುವುದು ಅತಿಥಿಗೆ ಧರ್ಮಸಮ್ಮತವಲ್ಲ. ಮೊದಲ ಭಾಗವನ್ನು ಮನೆಯವರಿಗೆ ನೆನಪಿಸುವವರು ಬಹಳ. ಎರಡನೆಯದನ್ನು ತನಗೆ ತಾನೇ ನೆನಪಿಸಿಕೊಳ್ಳುವ ಅತಿಥಿ ಅಪರೂಪ!

ಹಿಜರಿ 5ರಲ್ಲಿ ಹ. ಝೈನಬ್(ರ)ರ ವಿವಾಹದ ಔತಣ ನಡೆಯಿತು. ಉಂಡವರು ಹೊರಟರು, ಮೂವರು ಮಾತ್ರ ಮಾತಾಡುತ್ತಾ ಕುಳಿತರು. ಪ್ರವಾದಿ(ಸ) ಎದ್ದು ಹೊರಗೆ ಹೋದರು, ತಿರುಗಿ ಬಂದರು, ಅವರು ಇನ್ನೂ ಕುಳಿತೇ ಇದ್ದರು. ಎದ್ದುಹೋಗಿ ಎನ್ನಲು ಅವರಿಗೆ ಸಂಕೋಚ. ಆಗ ಅಲ್ಲಾಹನೇ ಅತಿಥಿಗಳಿಗೆ ಆದೇಶವಿತ್ತನು: ಕರೆದಾಗ ಬನ್ನಿ, ಊಟವಾದ ಬಳಿಕ ಚದುರಿರಿ, ಮಾತಿಗೆಂದು ಅಲ್ಲೇ ಕೂರಬೇಡಿ (ಅಲ್ ಅಹ್‌ಝಾಬ್, 53ನೆಯ ಸೂಕ್ತದ ಸಾರ). ಸಂದರ್ಭ ಪ್ರವಾದಿಗಳ ಮನೆಯದು, ಪಾಠ ಎಲ್ಲರ ಮನೆಗೂ. ಪ್ರವಾದಿಗಳಿಗೇ ಬಾಯಿಬಿಟ್ಟು ಹೇಳಲು ಸಂಕೋಚವಾಗಿದ್ದರೆ, ಅತ್ತೆ ಮತ್ತು ನಾದಿನಿಯ ಮುಂದೆ ನಿಂತ ಸೊಸೆಯ ಪಾಡೇನು? ಅವಳು ಹೇಳಲಿ ಎಂದು ಕಾಯಬೇಡಿ.

ಮನೆಯ ಗಂಡಸರಿಗೂ ಇಲ್ಲಿ ಮಾತಿದೆ. ಪ್ರವಾದಿಗಳು(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದವರಿಗೆ ಹ. ಆಯಿಶಾ(ರ) ಕೊಟ್ಟ ಉತ್ತರ ಸರಳವಾಗಿದೆ: ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ಎದ್ದು ಹೋಗುತ್ತಿದ್ದರು. ಅತಿಥಿ ಬಂದ ದಿನ ನೀರು ತುಂಬುವುದು, ತಟ್ಟೆ ಎತ್ತುವುದು, ಮಕ್ಕಳನ್ನು ಮಲಗಿಸುವುದು ಗಂಡಸರ ಮರ್ಯಾದೆಗೆ ಕುಂದೆಂದು ಯಾವ ಗ್ರಂಥದಲ್ಲಿ ಓದಿದಿರಿ?

ಹಾಗೆಂದು ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟವರೂ ಇದ್ದಾರೆ. ಅದು ಇನ್ನೂ ದೊಡ್ಡ ನಷ್ಟ. ಬಂದವರ ಮನೆಗೆ ಬದಲಿಗೆ ಹೋಗುವುದಷ್ಟೇ ಬಂಧುತ್ವವಲ್ಲ, ಕಡಿದುಕೊಂಡವರೊಂದಿಗೂ ಜೋಡಿಸಿಕೊಳ್ಳುವವನೇ ನಿಜವಾದ ಬಂಧು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆದ್ದರಿಂದ ಹೋಗಿ, ಆದರೆ ತಿಳಿಸಿ ಹೋಗಿ. ಅನುಮತಿಯಿಲ್ಲದೆ ಪರರ ಮನೆ ಹೊಗಬಾರದು, ಹಿಂತಿರುಗಿ ಎಂದರೆ ಹಿಂತಿರುಗಬೇಕು ಎಂದು ಸೂರಃ ಅನ್ನೂರ್‌ನಲ್ಲಿದೆ. ಈಗ ಪ್ರತಿ ಕಿಸೆಯಲ್ಲೂ ಮೊಬೈಲ್ ಇದೆ. “ಸೋಮವಾರ ಸೀರೆ ಕೊಡಬೇಕು, ಮಂಗಳವಾರ ಬನ್ನಿ” ಎಂದು ಅಕ್ಕ ಹೇಳಿದರೆ ಮುನಿಸು ಬೇಡ. ಮಂಗಳವಾರ ಹೋದಾಗ ಅವಳು ರೊಟ್ಟಿ ಬಡಿಯುತ್ತಿದ್ದರೆ, ನೀವು ಕಂಡಿಕೆ ಸುತ್ತಲು ಕುಳಿತುಕೊಳ್ಳಿ. ಬಾರದಿದ್ದರೆ ಅವಳೇ ಕಲಿಸಿಕೊಡುತ್ತಾಳೆ. ಮಾತಿಗೇನೂ ಅಡ್ಡಿಯಿಲ್ಲ.